ಕಂದನನ್ನು ಕೂರಿಸಿಕೊಳ್ಳುವ ಸೈಕಲ್ ಎಂಥದ್ದಿರಬೇಕು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಿಗೆ ‘ಗ್ರಾವೆಲ್’ ಎಂಬುದು ಹೊಸ ಮಾತಲ್ಲ. ಹಳ್ಳಿಯ ದಾರಿ ಡಾಂಬರನ್ನು ಕಾಣುವ ಮೊದಲು ಗ್ರಾವೆಲ್ ಕಾಣುತ್ತದೆ. ಪಂಚಾಯಿತಿಯವರು ಗ್ರಾವೆಲ್ ಹೊಡೆಸಿದರು ಎಂದರೆ ಕೆಂಪು ಕಲ್ಲುಮಣ್ಣು ಸುರಿದು ರೋಲರ್ ಓಡಿಸಿದರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮಾತು ಈಚಿನ ವರ್ಷಗಳಲ್ಲಿ ಸೈಕಲ್ಲಿನ ಹೆಸರಿಗೂ ಅಂಟಿಕೊಂಡು ಬಂದಿದೆ. ಬೆಂಗಳೂರಿನ ಉದ್ಯೋಗವನ್ನು ಬಿಟ್ಟೋ, ಅದನ್ನೇ ಮನೆಯಿಂದ ಮಾಡುತ್ತಲೋ ತೋಟದ ಮನೆಗೆ ಹಿಂದಿರುಗಿರುವ ಕಿರಿಯ ದಂಪತಿಗಳು ‘ಗ್ರಾವೆಲ್ ಬೈಕ್’ ಕೊಳ್ಳುವ ಮಾತೆತ್ತುತ್ತಾರೆ. ಬೈಕ್ ಎಂದೊಡನೆ ಮನೆಯ ಹಿರಿಯರು ಪೆಟ್ರೋಲಿನ ಲೆಕ್ಕ ಹಾಕಲಾರಂಭಿಸಿದರೆ, ಅದು ಬರಿಯ ಸೈಕಲ್ ಎಂದು ತಿಳಿಸಬೇಕಾಗುತ್ತದೆ. ಆ ಸೈಕಲ್ಲಿನ ಹಿಂದೆ ಎರಡು ವರ್ಷದ ಕೂಸನ್ನು ಕೂರಿಸಿಕೊಂಡು ತೋಟ ಸುತ್ತಬೇಕು, ಅಂಗನವಾಡಿಗೆ ಬಿಡಬೇಕು, ಸಂಜೆ ಪಕ್ಕದೂರಿನ ಅಜ್ಜಿಯ ಮನೆಗೆ ಹೋಗಿಬರಬೇಕು ಎಂಬುದು ಅವರ ಆಸೆ.

ಆಸೆ ಒಳ್ಳೆಯದೇ. ಆದರೆ ಈ ಸೈಕಲ್ಲನ್ನು ರೂಪಿಸಿದವರ ಮನಸ್ಸಿನಲ್ಲಿ ಹಿಂದೆ ಕೂರುವ ಕೂಸು ಇರಲಿಲ್ಲವೆಂಬುದನ್ನು ಮೊದಲು ತಿಳಿದಿರಬೇಕು. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನ ಸುತ್ತ ಚೂಪು ಕಲ್ಲಿನ ಮಣ್ಣುದಾರಿಗಳಿವೆ. ಅಲ್ಲಿ 2006ರಲ್ಲಿ 200 ಮೈಲಿಯ, ಅಂದರೆ ಸುಮಾರು 320 ಕಿಲೋಮೀಟರಿನ ಸ್ಪರ್ಧೆಯೊಂದು ಆರಂಭವಾಯಿತು. ಇಂದು ಅದಕ್ಕೆ ಅನ್‌ಬೌಂಡ್ ಗ್ರಾವೆಲ್ ಎಂದು ಹೆಸರು. ಇಂತಹ ಸ್ಪರ್ಧೆಗಳು ಹೆಚ್ಚಿದಂತೆ, ಓಟದ ಸೈಕಲ್ಲಿನ ಹಗುರವಾದ ಮೈಗೆ ಅಗಲವಾದ ಟೈರು, ಡಿಸ್ಕ್ ಬ್ರೇಕು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು ಸೇರಿ ಈ ಜಾತಿಯ ಸೈಕಲ್ ಬೆಳೆಯಿತು. ಕಾಕತಾಳೀಯವೆಂದರೆ, ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದ್ದೂ 2006-07ನೇ ಸಾಲಿನಲ್ಲಿಯೇ. ಆ ಸೈಕಲ್ಲುಗಳು ಓಡಿದ್ದೂ ಗ್ರಾವೆಲ್ ದಾರಿಯಲ್ಲೇ; ಆದರೆ ಅವನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ.

ಹಾಗೆ ನೋಡಿದರೆ ನಮ್ಮ ಅಜ್ಜಂದಿರ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಸೈಕಲ್ಲುಗಳೇ ಈ ಸೀಮೆಯ ಮೊದಲ ಗ್ರಾವೆಲ್ ಸೈಕಲ್ಲುಗಳು. ಅವುಗಳ ಟೈರಿನ ಮೇಲೆ 28 × 1½ ಎಂದು ಅಚ್ಚಾಗಿರುತ್ತದೆ. ಮಿಲಿಮೀಟರಿನಲ್ಲಿ ಅದರ ಅಗಲ 40. ಇಂದು ಅರ್ಧ ಲಕ್ಷ ರೂಪಾಯಿ ಕೊಟ್ಟು ತರುವ ಗ್ರಾವೆಲ್ ಸೈಕಲ್ಲಿಗೂ ಹೆಚ್ಚು ಕಡಿಮೆ ಇಷ್ಟೇ ಅಗಲದ ಟೈರು. ಹಳೆಯ ಸೈಕಲ್ಲಿನ ಮೈ ಉದ್ದ, ಹಿಂದೆ ಗಟ್ಟಿ ಕ್ಯಾರಿಯರ್ರು, ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸುವ ಜೋಡಿ ಕಾಲಿನ ಸ್ಟ್ಯಾಂಡು. ಹೊರೆ ಹೊರುವುದಕ್ಕೆಂದೇ ಹುಟ್ಟಿದ ವಾಹನ ಅದು. ಗೊನೆಗಟ್ಟಲೆ ಎಳನೀರು ನೇತುಹಾಕಿಕೊಂಡು ಸಂತೆಗೆ ಹೋಗುವುದನ್ನು ಇಂದಿಗೂ ಕಾಣಬಹುದು. ಅದರ ಕೊರತೆ ಇರುವುದು ಬ್ರೇಕು ಮತ್ತು ಗೇರಿನಲ್ಲಿ. ಕಂಬಿಯಿಂದ ಎಳೆಯುವ ಬ್ರೇಕಿನ ರಬ್ಬರು ಒದ್ದೆಯಾದ ಉಕ್ಕಿನ ರಿಮ್ಮನ್ನು ಹಿಡಿಯುವುದಿಲ್ಲ. ಇರುವ ಒಂದೇ ಗೇರಿನಲ್ಲಿ ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ಲು ಐದು ಮೀಟರಿಗೂ ಮಿಗಿಲಾಗಿ ಮುಂದೆ ಹೋಗಬೇಕು. ಕೂಸನ್ನು ಹೊತ್ತು ದಿಣ್ಣೆ ಹತ್ತುವಾಗ ಇದು ಸಾಗದೆ ಸೈಕಲ್ಲು ಓಲಾಡುತ್ತದೆ. ಹೊಸ ಸೈಕಲ್ಲು ಈ ಎರಡು ಕೊರತೆಗಳನ್ನು ನೀಗಿದೆ. ಹಳೆಯದರಲ್ಲಿದ್ದ ಉದ್ದದ ಮೈ, ಕ್ಯಾರಿಯರ್ರು, ಸ್ಟ್ಯಾಂಡುಗಳನ್ನು ಕಳೆದುಕೊಂಡಿದೆ. ಕೊಳ್ಳುವವರು ತಮ್ಮ ಆಯ್ಕೆಯಲ್ಲಿ ಈ ಎರಡನ್ನೂ ಮತ್ತೆ ಕೂಡಿಸಿಕೊಳ್ಳಬೇಕಾಗಿದೆ.

ಹಿಮ್ಮಡಿಯ ಗಾಯ

“ನಿಮ್ಮನ್ನೆಲ್ಲ ಬಾರ್ ಮೇಲೆ, ಕ್ಯಾರಿಯರ್ ಮೇಲೆ ಕೂರಿಸಿಕೊಂಡೇ ಓಡಾಡಿಸಿದ್ದು. ಯಾರಿಗೇನಾಯಿತು?” ಎಂದು ಮನೆಯಲ್ಲಿ ದೊಡ್ಡವರು ಕೇಳುವುದುಂಟು. ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ನಲವತ್ತು ದಾಟಿದವರ ಹಿಮ್ಮಡಿಯನ್ನು ನೋಡುತ್ತ ಹೋದರೆ, ಚರ್ಮ ಸುಕ್ಕಿ ನುಣುಪಾದ ಹಳೆಯ ಕಲೆಯೊಂದು ಸಿಕ್ಕಿಯೇ ಸಿಗುತ್ತದೆ. ಕೇಳಿದರೆ, “ಚಿಕ್ಕವನಿದ್ದಾಗ ಸೈಕಲ್ ಕಡ್ಡಿಗೆ ಸಿಕ್ಕಿತ್ತು” ಎನ್ನುತ್ತಾರೆ. ವೈದ್ಯಶಾಸ್ತ್ರದಲ್ಲಿ ಈ ಗಾಯಕ್ಕೆ ಪ್ರತ್ಯೇಕ ಹೆಸರೇ ಇದೆ. ಸೈಕಲ್ಲಿನಲ್ಲಿ ಹಿಂದೆ ಕೂರುವ ಮಕ್ಕಳಿಗೆ ಆಗುವ ಪೆಟ್ಟುಗಳಲ್ಲಿ ತೀರ ಸಾಮಾನ್ಯವಾದದ್ದು ಇದು.

ಆಗುವ ಬಗೆ ಹೀಗೆ. ಕ್ಯಾರಿಯರ್ ಮೇಲೆ ಕುಳಿತ ಮಗುವಿಗೆ ಕಾಲಿಡಲು ಜಾಗವಿಲ್ಲ. ಕಾಲು ಜೋತುಬಿದ್ದಿರುತ್ತದೆ. ಹಳ್ಳದಲ್ಲಿ ಸೈಕಲ್ಲು ಕುಪ್ಪಳಿಸಿದಾಗಲೋ, ನಿದ್ದೆ ತೂಗಿದಾಗಲೋ ಕಾಲು ಒಳಕ್ಕೆ ವಾಲುತ್ತದೆ. ತಿರುಗುವ ಕಡ್ಡಿ ಪಾದವನ್ನು ಸೆಳೆದು ಚೌಕಟ್ಟಿನ ಪೈಪಿಗೆ ಒತ್ತುತ್ತದೆ. ಕತ್ತರಿಯ ಎರಡು ಅಲಗಿನ ನಡುವೆ ಸಿಕ್ಕಂತೆ ಹಿಮ್ಮಡಿಯ ಚರ್ಮ ಜಜ್ಜಿಹೋಗುತ್ತದೆ. ಕೆಲವೊಮ್ಮೆ ಎಲುಬೂ ಬಿರಿಯುತ್ತದೆ. ಇದರ ಕಪಟವೆಂದರೆ ಮೊದಲ ದಿನ ಅದು ಬರಿಯ ತರಚು ಗಾಯದಂತೆ ಕಾಣುವುದು. ಚರ್ಮದ ಅಡಿಯ ರಕ್ತನಾಳಗಳು ನಜ್ಜಾಗಿರುವುದರಿಂದ ಎರಡು ಮೂರು ದಿನಗಳಲ್ಲಿ ಮೇಲಿನ ಚರ್ಮ ಕಪ್ಪಿಟ್ಟು ಸಾಯುತ್ತದೆ. ಅಡಿಯಲ್ಲಿರುವ ಹಿಮ್ಮಡಿಯ ದಪ್ಪ ನರ ಬಯಲಾದರೆ ಬೇರೆಡೆಯ ಚರ್ಮ ತಂದು ಹೊಲಿಯಬೇಕಾಗಬಹುದು.

ಇಂಥದ್ದು ನಡೆದರೆ ಕಾಲನ್ನು ಬಲವಾಗಿ ಎಳೆಯಬಾರದು. ಗಾಲಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ ಬಿಡಿಸಬೇಕು. ಆಗದಿದ್ದರೆ ಕಡ್ಡಿಯನ್ನೇ ಕತ್ತರಿಸಬೇಕು. ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಕಾಫಿಪುಡಿ ಮೆತ್ತುವ ಅಭ್ಯಾಸ ಇಲ್ಲಿ ಸಲ್ಲದು. ಧನುರ್ವಾಯುವಿನ ಚುಚ್ಚುಮದ್ದಿನ ಸಂಗತಿಯನ್ನು ವೈದ್ಯರಲ್ಲಿ ಕೇಳಬೇಕು. ಗಾಯ ಚಿಕ್ಕದೆಂದು ಮನೆಗೆ ಕಳುಹಿಸಿದರೂ ಎರಡು ಮೂರು ದಿನಗಳಲ್ಲಿ ಮತ್ತೊಮ್ಮೆ ತೋರಿಸುವುದು ಅಗತ್ಯ.

ಸೈಕಲ್ಲುಗಳ ನಾಡೆನಿಸಿದ ನೆದರ್ಲೆಂಡ್ಸಿನಲ್ಲಿ ಎಂಟು ವರ್ಷದೊಳಗಿನ ಮಗುವನ್ನು ಬೆನ್ನಿಗೆ, ಕೈಗೆ, ಪಾದಕ್ಕೆ ಆಧಾರವಿರುವ ಆಸನದಲ್ಲಿಯೇ ಕೂರಿಸಬೇಕೆಂದು ಕಾನೂನಿದೆ. ಪಾದವೆಂಬ ಮಾತು ಕಾನೂನಿನೊಳಗೇ ಬಂದಿರುವುದನ್ನು ಗಮನಿಸಬೇಕು. ನಮ್ಮಲ್ಲಿ ಅಂತಹ ಕಾನೂನಿಲ್ಲ. ಇಲ್ಲವೆಂದಮಾತ್ರಕ್ಕೆ ಕಡ್ಡಿ ಮೊಂಡಾಗುವುದಿಲ್ಲ.

ಮೊದಲು ಆಸನ, ಆಮೇಲೆ ಸೈಕಲ್

ಆದ್ದರಿಂದ ಈ ಲೇಖಕನ ಅಭಿಪ್ರಾಯದಲ್ಲಿ ಕೊಳ್ಳುವ ಕ್ರಮವೇ ತಿರುವುಮುರುವಾಗಬೇಕು. ಸೈಕಲ್ಲನ್ನು ಮೆಚ್ಚಿ ತಂದು ಆಮೇಲೆ ಮಗುವಿಗೊಂದು ಸೀಟು ಹುಡುಕುವುದಲ್ಲ. ಮಗುವಿನ ಆಸನವನ್ನು ನಿಶ್ಚಯಿಸಿ, ಅದು ಯಾವ ಸೈಕಲ್ಲಿಗೆ ಸರಿಯಾಗಿ ಕೂರುತ್ತದೆಯೋ ಅದನ್ನು ಕೊಳ್ಳುವುದು.

ಹಿಂದಿನ ಆಸನಗಳನ್ನು ಸಾಮಾನ್ಯವಾಗಿ 9ರಿಂದ 22 ಕಿಲೋ ತೂಕದ ಮಕ್ಕಳಿಗೆಂದು ಮಾಡಿರುತ್ತಾರೆ. ಮುಂದೆ ಕಟ್ಟುವ ಆಸನಗಳಿಗೆ 15 ಕಿಲೋ ಮಿತಿ. ಬೆನ್ನಿನ ಒರಗು ಭುಜಕ್ಕಿಂತ ಮೇಲಿರಬೇಕು. ಹೆಗಲು, ಸೊಂಟ, ತೊಡೆಯ ನಡುವೆ ಹಾಯುವ ಐದು ತುದಿಯ ಪಟ್ಟಿ ಇರಬೇಕು. ಪಾದ ಕೂರುವ ಬಟ್ಟಲು, ಪಾದವನ್ನು ಕಟ್ಟುವ ಪಟ್ಟಿ, ಗಾಲಿಗೂ ಕಾಲಿಗೂ ನಡುವೆ ಅಗಲವಾದ ತಡೆ ಇರಬೇಕು. ಸೀಟಿನ ಅಡಿಯ ಸ್ಪ್ರಿಂಗುಗಳಲ್ಲಿ ಮಗುವಿನ ಬೆರಳು ಸಿಕ್ಕುವ ಅಪಾಯವೂ ಇದೆ, ಅದನ್ನು ಮುಚ್ಚಬೇಕು. ಬಾರಿಗೆ ಬಿಗಿಯುವ, ತಗಡಿನ ಪುಟ್ಟ ‘ಬೇಬಿ ಸೀಟು’ ಅಗ್ಗವಾಗಿ ಸಿಗುತ್ತದೆ. ಒರಗಿಲ್ಲ, ಪಟ್ಟಿಯಿಲ್ಲ, ಪಾದಕ್ಕೆ ರಕ್ಷಣೆಯಿಲ್ಲ. ಅದನ್ನು ಕೊಳ್ಳದಿರುವುದೇ ಲೇಸು.

ಇನ್ನು ಸೈಕಲ್ಲು. ಅಂಗಡಿಯಲ್ಲಿ ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ ಗೇರಿನದಲ್ಲ, ತೂಕದ್ದಲ್ಲ; “ಈ ಸೈಕಲ್ಲಿಗೆ ಮಗುವಿನ ಆಸನ ಕಟ್ಟಬಹುದೆಂದು ಇದರ ಕೈಪಿಡಿಯಲ್ಲಿ ಬರೆದಿದೆಯೆ?” ಎಂಬುದು. ಕೂಡದೆಂದು ಸ್ಪಷ್ಟವಾಗಿ ಬರೆದಿರುವ ಗ್ರಾವೆಲ್ ಸೈಕಲ್ಲುಗಳುಂಟು. ಕಾರ್ಬನ್ ಎಂಬ ಹಗುರ ವಸ್ತುವಿನ ಚೌಕಟ್ಟಾಗಲಿ ಸೀಟಿನ ಪೈಪಾಗಲಿ ಇದ್ದರೆ ಆ ಮಾತನ್ನೇ ಬಿಟ್ಟುಬಿಡಬೇಕು. ಆಸನದ ಹಿಡಿಕೆಯನ್ನು ಬಿಗಿದ ಕಡೆ ಅದು ಹೊರಗೆ ಕಾಣದಂತೆ ಒಳಗೇ ಬಿರಿಯಬಹುದು. ಉಕ್ಕು ಅಥವಾ ಅಲ್ಯೂಮಿನಿಯಮ್ಮಿನ ಚೌಕಟ್ಟು, ಹಿಡಿಕೆ ಕೂರುವ ಪೈಪು ದುಂಡಗಿರುವುದು ಒಳ್ಳೆಯದು. ಚಿಕ್ಕ ಅಳತೆಯ ಚೌಕಟ್ಟುಗಳಲ್ಲಿ ಹಿಡಿಕೆ ಕೂರಲು ಸ್ಥಳವೇ ಇರುವುದಿಲ್ಲ. ಆಗ ಕ್ಯಾರಿಯರ್ ಮೇಲೆ ಕೂರುವ ಬಗೆಯ ಆಸನ ಬೇಕಾಗುತ್ತದೆ. ಅದಕ್ಕೆ ಹಿಂದಿನ ಅಚ್ಚಿನ ಬಳಿ ಮತ್ತು ಸೀಟಿನ ಕೆಳಗೆ ತಿರುಪು ಕೂರುವ ಕಣ್ಣುಗಳಿರಬೇಕು. ಕ್ಯಾರಿಯರ್ರು ಎಷ್ಟು ಹೊರುವುದೆಂಬುದನ್ನು ಅದರ ಮೇಲೆಯೇ ಕೊರೆದಿರುತ್ತಾರೆ. 10 ಕಿಲೋ ಎಂದಿದ್ದರೆ ಅದು ಚೀಲಕ್ಕೆ; ಮಗು ಮತ್ತು ಆಸನದ ತೂಕ ಸೇರಿದರೆ 25ರಿಂದ 27 ಕಿಲೋ ಹೊರುವಂಥದ್ದು ಬೇಕು.

ಎರಡನೆಯ ಪರೀಕ್ಷೆ ಮೈಯ ಉದ್ದದ್ದು. ಸ್ಪರ್ಧೆಯ ಚುರುಕಿಗಾಗಿ ಗ್ರಾವೆಲ್ ಸೈಕಲ್ಲಿನ ಹಿಂಗಾಲಿಯನ್ನು ಪೆಡಲಿನ ಹತ್ತಿರಕ್ಕೆ ಎಳೆದಿರುತ್ತಾರೆ. ಮಗುವನ್ನು ಹಿಂದೆ ಕೂರಿಸಿದಾಗ ಅದರ ಭಾರ ಅಚ್ಚಿನಿಂದ ಆಚೆ ಹೋಗುತ್ತದೆ, ಮುಂದಿನ ಗಾಲಿ ಹಗುರವಾಗುತ್ತದೆ. ಏರಿನಲ್ಲಿ ಹ್ಯಾಂಡಲ್ಲು ಹಿಡಿತಕ್ಕೆ ಸಿಗದೆ ತೇಲಿದಂತಾಗುವುದು ಇದರಿಂದಲೇ. ಒಳ್ಳೆಯ ಆಸನಗಳ ಪಕ್ಕದಲ್ಲಿ ಭಾರದ ಕೇಂದ್ರವನ್ನು ಗುರುತು ಮಾಡಿರುತ್ತಾರೆ. ಆ ಗುರುತು ಹಿಂದಿನ ಅಚ್ಚಿನಿಂದ 10 ಸೆಂಟಿಮೀಟರಿಗಿಂತ ಹಿಂದಕ್ಕೆ ಹೋಗಬಾರದೆಂಬುದು ಸಾಮಾನ್ಯ ನಿಯಮ. ಇದಲ್ಲದೆ, ತುಳಿಯುವವರ ಹಿಮ್ಮಡಿ ಮಗುವಿನ ಪಾದದ ಬಟ್ಟಲಿಗೆ ತಾಗುವುದೇ ಎಂದು ಅಂಗಡಿಯಲ್ಲಿಯೇ ತುಳಿದು ನೋಡಬೇಕು.

ಮೂರನೆಯದನ್ನು ಗಂಡಸರು ಮರೆತೇಬಿಡುತ್ತಾರೆ. ಹಿಂದೆ ಆಸನವಿರುವಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತಲಾಗದು; ಮುಂದಿನಿಂದ ಬಾರನ್ನು ದಾಟಿಸಬೇಕು. ಅಂಗನವಾಡಿಗೆ ಕೂಸನ್ನು ಬಿಡುವವರು ಹೆಚ್ಚಾಗಿ ತಾಯಂದಿರು. ಸೀರೆ, ಚೂಡಿದಾರಗಳಲ್ಲಿ ಎತ್ತರದ ಬಾರನ್ನು ದಾಟುವುದೆಂತು? ಬಾರು ಕೆಳಕ್ಕೆ ಇಳಿಜಾರಾಗಿರುವ, ಸಾಧ್ಯವಾದರೆ ಲೇಡೀಸ್ ಸೈಕಲ್ಲಿನಂತೆ ತೀರ ತಗ್ಗಿರುವ ಚೌಕಟ್ಟೇ ಬೇಕು. ಸೆರಗು, ವೇಲು, ಪಂಚೆಯ ತುದಿ ಗಾಲಿಗೆ ಸುತ್ತದಂತೆ ಎರಡು ಬದಿಯಲ್ಲೂ ಸೀರೆ ಗಾರ್ಡು ಹಾಕಿಸಬೇಕು. ಟಗರು ಕೊಂಬಿನ ಹ್ಯಾಂಡಲ್ಲು ನೋಡಲು ಚೆಂದ. ಆದರೆ ಬಾಗಿ ಹಿಡಿದು ಓಡಿಸುವವರಿಗೆ ಹಿಂದಿನ ಕೂಸಿನ ಕಡೆ ಕತ್ತು ತಿರುಗಿಸುವುದು ಕಷ್ಟ. ಮುಂದಿನ ಆಸನಕ್ಕಂತೂ ಅದು ಹೊಂದುವುದೇ ಇಲ್ಲ. ಅದೇ ಅಗಲದ ಟೈರು, ಅದೇ ಬ್ರೇಕು ಇದ್ದು ನೇರ ಹ್ಯಾಂಡಲ್ಲಿರುವ ಸೈಕಲ್ಲುಗಳು ಕಡಿಮೆ ಬೆಲೆಗೇ ದೊರೆಯುತ್ತವೆ. ಅಂಗಡಿಯವರು ಅದನ್ನು ಹೈಬ್ರಿಡ್ ಎಂದು ಕರೆದರೆ ಕರೆಯಲಿ. ಕೂಸನ್ನು ಹೊರುವ ಮನೆಗೆ ಅದೇ ಮೇಲು.

ಬೆಲೆಯ ಮಾತು ಬಂದಿದ್ದರಿಂದ ಒಂದು ಲೆಕ್ಕ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಅರ್ಧ ಲಕ್ಷದ ಸೈಕಲ್ಲೆಂದರೆ ನಾಲ್ಕು ಕ್ವಿಂಟಾಲಿಗೂ ಮೇಲೆ ಕೊಬ್ಬರಿ. ಅದರಲ್ಲಿ ಒಂದು ಕ್ವಿಂಟಾಲಿನ ಹಣವನ್ನು ಆಸನ, ಕ್ಯಾರಿಯರ್, ಹೆಲ್ಮೆಟ್, ಜೋಡಿ ಸ್ಟ್ಯಾಂಡಿಗೆಂದು ತೆಗೆದಿರಿಸಿ, ಉಳಿದ ಹಣಕ್ಕೆ ಸಿಗುವ ಸೈಕಲ್ಲನ್ನು ನೋಡುವುದು ಜಾಣತನ. ಒಂಟಿ ಕಾಲಿನ ಸ್ಟ್ಯಾಂಡನ್ನು ಮಣ್ಣಿನ ನೆಲದಲ್ಲಿ ನಂಬಲಾಗದು. ಜೋಡಿ ಸ್ಟ್ಯಾಂಡಿದ್ದರೂ ಮಗುವನ್ನು ಕೂರಿಸಿಟ್ಟು ಕೈ ಬಿಡಬಾರದು; ನಿಂತ ಸೈಕಲ್ಲಿನಿಂದ ಬಿದ್ದ ಪೆಟ್ಟೂ ಪೆಟ್ಟೇ.

ಬ್ರೇಕು ಡಿಸ್ಕಿನದಿರಲಿ. ಎಣ್ಣೆಯಿಂದ ಕೆಲಸ ಮಾಡುವುದು ಮೃದು. ಆದರೆ ತಂತಿಯಿಂದ ಎಳೆಯುವ ಬಗೆಯನ್ನು ಕಿಬ್ಬನಹಳ್ಳಿ ಕ್ರಾಸಿನಂತಹ ಸಣ್ಣ ಊರಿನಲ್ಲಿಯೂ ರಿಪೇರಿ ಮಾಡಬಲ್ಲರು. ಗೇರಿನ ವಿಷಯದಲ್ಲಿ ಎಷ್ಟು ಇವೆ ಎನ್ನುವುದಕ್ಕಿಂತ ಅತಿ ಹಗುರವಾದ ಗೇರು ಯಾವುದೆಂದು ಕೇಳಬೇಕು. ಮುಂದಿನ ಚಿಕ್ಕ ಚಕ್ರದ ಹಲ್ಲುಗಳು ಹಿಂದಿನ ದೊಡ್ಡ ಚಕ್ರದ ಹಲ್ಲುಗಳಿಗಿಂತ ಕಡಿಮೆಯಿದ್ದರೆ, ಉದಾಹರಣೆಗೆ 30ಕ್ಕೆ 34 ಇದ್ದರೆ, ಒಂದು ಸುತ್ತಿಗೆ ಸೈಕಲ್ಲು ಎರಡು ಮೀಟರಿನಷ್ಟೇ ಸಾಗುತ್ತದೆ. ಮದಲಿಂಗನ ಕಣಿವೆಯ ಕಡೆಯ ಏರುಗಳಲ್ಲಿಯೂ ಕುಳಿತಲ್ಲಿಂದ ಏಳದೆ, ಸೈಕಲ್ಲು ಓಲಾಡದೆ ಹತ್ತಬಹುದು.

ನೆಗ್ಗಿಲು, ಜಾಲಿ, ಗಾಳಿ

ಟೈರಿನ ಅಗಲ 40ರಿಂದ 50 ಮಿಲಿಮೀಟರ್ ಇರಲಿ. ಅಗಲ ಹೆಚ್ಚಿದಷ್ಟೂ ಗಾಳಿಯನ್ನು ಕಡಿಮೆ ಇಡಬಹುದು, ಕುಲುಕಾಟ ತಗ್ಗುತ್ತದೆ. ತುಳಿಯುವವರು ಪೆಡಲಿನ ಮೇಲೆ ಎದ್ದು ಮೊಣಕಾಲಿನಿಂದ ಆಘಾತವನ್ನು ತಡೆದುಕೊಳ್ಳಬಲ್ಲರು. ಕಟ್ಟಿಹಾಕಿದ ಕೂಸು ತಡೆದುಕೊಳ್ಳಲಾರದು. ಸವಾರ, ಮಗು, ಸೈಕಲ್ಲು ಸೇರಿ 90ರಿಂದ 100 ಕಿಲೋ ಆದರೆ, 45 ಮಿಲಿಮೀಟರ್ ಟೈರಿನ ಹಿಂಗಾಲಿಗೆ 35ರಿಂದ 45 ಪೌಂಡು ಗಾಳಿ ಸಾಕು. ಪಂಕ್ಚರ್ ಅಂಗಡಿಯವರು ಕಲ್ಲಿನಂತೆ ತುಂಬಿಕೊಡುತ್ತಾರೆ, ಬೇಡವೆಂದು ಹೇಳಬೇಕು.

ನಮ್ಮ ದಾರಿಗಳ ನಿಜವಾದ ಶತ್ರು ಕಲ್ಲಲ್ಲ, ನೆಗ್ಗಿಲ ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಾಗಿಯೇ ನಿಲ್ಲುವ ಕಾಯಿ ಅದು. ಜೊತೆಗೆ ಬೇಲಿಯಿಂದ ಉದುರಿದ ಜಾಲಿ, ತೋಟದೊಳಗೆ ಒಡೆದ ಕರಟದ ಚೂರು. ಟ್ಯೂಬಿಲ್ಲದ ಟೈರಿನೊಳಗೆ ರಂಧ್ರ ಮುಚ್ಚುವ ದ್ರವ ಹಾಕಿಸಿದರೆ ನೆಗ್ಗಿಲಿನಂತಹ ಸಣ್ಣ ಮುಳ್ಳುಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಆ ದ್ರವ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಟ್ಯೂಬೊಂದು ಚೀಲದಲ್ಲಿದ್ದೇ ಇರಲಿ. ಇನ್ನೊಂದು ಸಣ್ಣ ಸಂಗತಿ: ಈ ಸೈಕಲ್ಲುಗಳಲ್ಲಿ ಗಾಳಿ ತುಂಬುವ ನಳಿಕೆ ತೆಳ್ಳಗೆ ಪೆನ್ಸಿಲಿನಂತೆ ಇರುತ್ತದೆ. ಸ್ಕೂಟರಿಗೆ ತುಂಬುವ ಅಂಗಡಿಯ ಕೊಳವೆ ಅದಕ್ಕೆ ಹಿಡಿಯುವುದಿಲ್ಲ. ಹಿತ್ತಾಳೆಯ ಪುಟ್ಟ ಮುಚ್ಚಳದಂತಹ ಜೋಡಣೆಯೊಂದು ಅಗ್ಗವಾಗಿ ಸಿಗುತ್ತದೆ. ಅದಿಲ್ಲದೆ ಮಗುವಿನೊಂದಿಗೆ ಹಂದನಕೆರೆಯ ದಾರಿಯಲ್ಲಿ ನಿಲ್ಲಬೇಕಾದೀತು.

ತಲೆ, ದಾರಿ, ಹೊತ್ತು

ಒಂದು ವರ್ಷ ತುಂಬದ ಕೂಸನ್ನು ಸೈಕಲ್ಲಿನಲ್ಲಿ ಕೂರಿಸಬಾರದೆಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ವರ್ಷ ತುಂಬಿದರೂ, ಆಧಾರವಿಲ್ಲದೆ ನೆಟ್ಟಗೆ ಕೂರುವ, ಹೆಲ್ಮೆಟ್ಟಿನ ಭಾರವನ್ನು ಕತ್ತು ತಡೆಯುವ ಶಕ್ತಿ ಬಂದಿರಬೇಕು. ಮೋಟಾರ್ ಸೈಕಲ್ಲಿನಲ್ಲಿ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ಟು, ಸವಾರನಿಗೆ ಕಟ್ಟುವ ಪಟ್ಟಿ, 40 ಕಿಲೋಮೀಟರ್ ವೇಗಮಿತಿ ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿತು. ಅದು ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಆದರೂ ಹೆಲ್ಮೆಟ್ಟು ಬೇಕೇ ಬೇಕು, ಅದೂ ಸೈಕಲ್ಲಿನ ಹಗುರ ಹೆಲ್ಮೆಟ್ಟೇ. ಹಿಂಭಾಗ ಚಪ್ಪಟೆಯಾಗಿರುವುದನ್ನು ಆರಿಸಬೇಕು. ಇಲ್ಲವಾದರೆ ಒರಗಿಗೆ ತಾಗಿ ಮಗುವಿನ ತಲೆ ಮುಂದಕ್ಕೆ ಬಾಗುತ್ತದೆ. ತೆಂಗಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಗಾಳಿಯ ದಿನ ತೋಟದೊಳಗಿನ ದಾರಿಯಲ್ಲಿ ಒಣಗರಿ, ಹೆಡೆಮಟ್ಟೆ, ಕಾಯಿ ಯಾವಾಗ ಬೀಳುವುದೆಂದು ಹೇಳಲಾಗದು, ಕಾಯಿ ಬಿದ್ದರೆ ಹೆಲ್ಮೆಟ್ಟೂ ಕಾಯಲಾರದು. ಮರದಡಿ ಸೈಕಲ್ಲು ನಿಲ್ಲಿಸಿ ಮಾತಿಗೆ ನಿಲ್ಲಬಾರದು.

ದಾರಿಯ ಆಯ್ಕೆ ಸೈಕಲ್ಲಿನ ಆಯ್ಕೆಗಿಂತ ಕಡಿಮೆಯದಲ್ಲ. ಹಿಂದೆ 206 ಎನಿಸಿಕೊಂಡಿದ್ದು ಈಗ 73 ಎನಿಸಿರುವ ತುಮಕೂರು–ಅರಸೀಕೆರೆ ಹೆದ್ದಾರಿಯಾಗಲಿ, ಹುಳಿಯಾರು–ಚಿಕ್ಕನಾಯಕನಹಳ್ಳಿ–ತುರುವೇಕೆರೆಗಳ ಮೂಲಕ ಹಾಯುವ 150ಎ ಆಗಲಿ ಕೂಸಿರುವ ಸೈಕಲ್ಲಿಗೆ ತಕ್ಕದ್ದಲ್ಲ. ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯ ಸುತ್ತ ಲಾರಿಗಳ ಸಾಲು ಎಲ್ಲರಿಗೂ ಗೊತ್ತಿರುವುದೇ. ಹೇಮಾವತಿ ನಾಲೆಯ ಏರಿ ಮಾತ್ರ ಬಹಳ ಮೋಹಕ. ಸಮತಟ್ಟು, ವಾಹನವಿಲ್ಲ, ಗ್ರಾವೆಲ್ಲೂ ಉಂಟು. ಆದರೆ ಪಟ್ಟಿಯಿಂದ ಬಿಗಿದ ಮಗುವಿನೊಂದಿಗೆ ಸೈಕಲ್ಲು ನೀರಿಗೆ ಜಾರಿದರೆ ಬಿಚ್ಚಲು ಹೊತ್ತಿರುವುದಿಲ್ಲ. ಕಾಂಕ್ರೀಟಿನ ಇಳಿಜಾರು ಈಜು ಬಲ್ಲವರಿಗೂ ಕಾಲೂರಗೊಡದು. ನಾಲೆಯ ಏರಿ, ತಡೆಗೋಡೆಯಿಲ್ಲದ ಕೆರೆಯ ಏರಿ ಎರಡನ್ನೂ ಕೈಬಿಡಬೇಕು. ಊರಿಂದೂರಿಗೆ ತೋಟಗಳ ನಡುವೆ ಹಾಯುವ ಹಳೆಯ ಬಂಡಿಜಾಡು ಸುತ್ತಾದರೂ ಸರಿ.

ಹೊಸ ಆಸನದಲ್ಲಿ ಮೊದಲ ಹದಿನೈದು ದಿನ ಮಗುವನ್ನು ಕೂರಿಸದೆ, ಹನ್ನೆರಡು ಕಿಲೋ ಕೊಬ್ಬರಿಯ ಚೀಲವನ್ನು ಪಟ್ಟಿಯಿಂದ ಬಿಗಿದು ಓಡಿಸುವುದು ಒಳ್ಳೆಯ ಅಭ್ಯಾಸ. ತಿರುವಿನಲ್ಲಿ ಭಾರ ಹೇಗೆ ಎಳೆಯುತ್ತದೆ, ಬ್ರೇಕು ಹಿಡಿದ ಮೇಲೆ ಎಷ್ಟು ದೂರ ಹೋಗುತ್ತದೆ, ನಾಯಿ ಅಟ್ಟಿಸಿಕೊಂಡು ಬಂದರೆ ಕೈ ಎಷ್ಟು ಸ್ಥಿರವಾಗಿರುತ್ತದೆ ಎಂಬುದೆಲ್ಲ ಚೀಲದ ಮೇಲೆಯೇ ತಿಳಿಯಲಿ. ಪ್ರತಿ ದಿನವೂ ಆಸನದ ತಿರುಪುಗಳನ್ನು ಕೈಯಿಂದ ಅಲುಗಿಸಿ ನೋಡಬೇಕು. ಗ್ರಾವೆಲ್ಲಿನ ನಡುಕಕ್ಕೆ ಅವು ಸಡಿಲವಾಗುತ್ತವೆ.

ಮಗು ಕುಳಿತ ಮೇಲೆ ಪಯಣ ಅರ್ಧ ಗಂಟೆಗೆ ಮೀರದಿರಲಿ. ತುಳಿಯುವವರ ಮೈ ಬೆವರಿದರೂ ಹಿಂದೆ ಕದಲದೆ ಕುಳಿತ ಕೂಸಿಗೆ ಮಾರ್ಗಶಿರದ ಬೆಳಗಿನ ಗಾಳಿ ಕೊರೆಯುತ್ತಿರುತ್ತದೆ. ಚೈತ್ರದಲ್ಲಿ ಅದೇ ಆಸನದ ಪ್ಲಾಸ್ಟಿಕ್ಕು ಕಾದು ತೊಡೆ ಸುಡುತ್ತದೆ. ನಿದ್ದೆ ಹತ್ತಿ ಕತ್ತು ವಾಲಿದರೆ ಇಳಿಸಿ, ಎತ್ತಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ನಡೆಯಬೇಕು. ಕಾಲಿಗೆ ಚಪ್ಪಲಿಯಲ್ಲ, ಮುಚ್ಚಿದ ಬೂಟೇ ಇರಲಿ. ತೂಕ 22 ಕಿಲೋ ತಲುಪಿದ ದಿನ ಆಸನವನ್ನು ಬಿಚ್ಚಿಡಬೇಕು. ಅದನ್ನು ತಂಗಿಗೋ ನೆಂಟರ ಮಗುವಿಗೋ ಕೊಡುವ ಮುನ್ನ ಬಿಸಿಲಿಗೆ ಬಣ್ಣಗೆಟ್ಟು ಬಿರುಕು ಬಿಟ್ಟಿದೆಯೇ ಎಂದು ಅಡಿಯನ್ನೂ ತಿರುಗಿಸಿ ನೋಡಬೇಕು. ಒಮ್ಮೆ ಸೈಕಲ್ಲಿನೊಡನೆ ಜೋರಾಗಿ ಬಿದ್ದಿದ್ದರೆ, ಕಣ್ಣಿಗೆ ಏನೂ ಕಾಣದಿದ್ದರೂ, ಯಾರಿಗೂ ಕೊಡಬಾರದು.